ತೂತಿನ ತಲೆಯ ಪಾತ್ರೆ ಉಪ್ಪಿನ ಡಬ್ಬಿಯಲ್ಲ

ಮಾನ್ಯ ಸಂಪಾದಕರೇ,

ಹಳೆಯ ಮನೆಯ ಹಿತ್ತಲನ್ನು ಅಗೆಯುವಾಗ ನಮಗೊಂದು ಲೋಹದ ಪಾತ್ರೆ ಸಿಕ್ಕಿತು. ತಲೆಯಲ್ಲಿ ಸಣ್ಣ ತೂತುಗಳಿದ್ದುದರಿಂದ ಅದನ್ನು ಕೆಲವರು ಉಪ್ಪಿನ ಡಬ್ಬಿಯೆಂದರು, ಕೆಲವರು ಪೌಡರ್ ಡಬ್ಬಿಯೆಂದರು. ಆದರೆ ದುಂಡು ಹೊಟ್ಟೆಯ ಮೇಲೆ ಗೇಣುದ್ದದ ಸಪೂರ ಕತ್ತಿರುವ ಪಾತ್ರೆಯಲ್ಲಿ ಪುಡಿ ಕಟ್ಟಿಕೊಳ್ಳುತ್ತದೆಯೇ ಹೊರತು ಉದುರುವುದಿಲ್ಲ. ನೀರಾದರೆ ಹನಿಹನಿಯಾಗಿ ಚಿಮ್ಮುತ್ತದೆ. ಅದು ಮದುವೆ ಮನೆಯ ಬಾಗಿಲಲ್ಲಿ ಬಂದವರ ಮೇಲೆ ಪನ್ನೀರು ಚಿಮುಕಿಸುವ ಪನ್ನೀರುದಾನಿ.

ಆಯಸ್ಕಾಂತಕ್ಕೆ ಅಂಟದ ಮಾತ್ರಕ್ಕೆ ಇಂಥದ್ದನ್ನು ಬೆಳ್ಳಿಯೆಂದು ನಂಬಬಾರದು. ಹಿತ್ತಾಳೆಯೂ, ಬೆಳ್ಳಿಯ ಲವಲೇಶವೂ ಇಲ್ಲದ ಜರ್ಮನ್ ಸಿಲ್ವರ್ ಕೂಡ ಅಂಟುವುದಿಲ್ಲ. ಕಪ್ಪು ಮೈಯಲ್ಲಿ ಬೆಳ್ಳಿಯ ಎಳೆಗಳು ಕಂಡರೆ ಅದು ಬಿದ್ರಿ ಕೆಲಸವಿರಬಹುದು. ಸತು, ತಾಮ್ರಗಳ ಆ ಮಿಶ್ರಲೋಹಕ್ಕೆ ಕಪ್ಪು ಬರಿಸುವುದು ಬೀದರ್ ಕೋಟೆಯ ಮಣ್ಣು. ಆದ್ದರಿಂದ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು ದಯವಿಟ್ಟು ಬೇಡ. ಕಪ್ಪು ಹೋದರೆ ಗುರುತೂ ಹೋಗುತ್ತದೆ.

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ಕುಶಲ ವಸ್ತು ಪುರಾವಸ್ತುವೆನಿಸುತ್ತದೆ. ಗುಜರಿಗೆ ಹಾಕುವ ಮುನ್ನ ಪುರಾತತ್ತ್ವ ಇಲಾಖೆಗೆ ತೋರಿಸಬೇಕು. ಓದುಗರಿಂದ ಇಂಥ ಹಳೆಯ ವಸ್ತುಗಳ ಚಿತ್ರ ತರಿಸಿ ತಾವು ಪ್ರಕಟಿಸಿದರೆ, ಬಳಸಿ ಬಲ್ಲ ಹಿರಿಯರು ಇರುವಾಗಲೇ ಅವುಗಳ ಹೆಸರು ದಾಖಲಾಗುತ್ತದೆ. ಇದು ನನ್ನ ಕೋರಿಕೆ.

– ಒಬ್ಬ ಓದುಗ