ಹೆಸರು ಕೇಳೋದನ್ನೇ ಮರೆತೆವು

ಅವತ್ತು ನಿಮ್ಮ ಹೆಸರು ಕೇಳಲಿಲ್ಲ ಮೇಡಂ, ಬೇಜಾರಾಗಬೇಡಿ. ಭಾವ ತೀರಿಕೊಂಡ ಮೇಲೆ ಅಕ್ಕ ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದಳು. ಹೊಟ್ಟೆಗೆ ಊಟ, ಓದೋಕೆ ಶಾಲೆ ಸಿಗಲಿ ಅಂತ ಮಗನನ್ನು ಬಾಲಮಂದಿರಕ್ಕೆ ಬಿಟ್ಟಳು. ವಾಪಸ್ ಕೇಳಲು ಹೋದರೆ ಒಬ್ಬರು, ‘ಸಾಕೋಕೆ ನಿನ್ನ ಹತ್ರ ಏನಿದೆ?’ ಅಂದರು. ಅವಳು ಮತ್ತೆ ಬಾಯಿ ಬಿಡಲಿಲ್ಲ.

ಆಮೇಲೆ, ಹುಡುಗನನ್ನು ವಾಪಸ್ ಕಳಿಸಬಹುದಾ ಅಂತ ನೀವು ಮನೆ ನೋಡಲು ಬಂದಿರಿ. ತಗಡಿನ ಶೆಡ್ಡು, ಕುರ್ಚಿ ಇಲ್ಲ. ಚಾಪೆ ಮೇಲೇ ಕೂತು ಬರೆದಿರಿ. ಅಕ್ಕ ಪೆಟ್ಟಿಗೆಯಿಂದ ಹುಡುಗನ ಹಳೇ ಚಪ್ಪಲಿ ತೆಗೆದು ತೋರಿಸಿದಾಗ ನಿಮ್ಮ ಪೆನ್ನು ಸ್ವಲ್ಪ ಹೊತ್ತು ನಿಂತಿತು. 2015ರ ಬಾಲನ್ಯಾಯ ಕಾಯ್ದೆಯಲ್ಲೂ ಮಕ್ಕಳನ್ನು ಬಾಲಮಂದಿರದಂಥ ಸಂಸ್ಥೆಯಲ್ಲಿ ಇಡೋದು ಕೊನೆಯ ದಾರಿ ಅಂದಿರಿ. ಮಕ್ಕಳ ರಕ್ಷಣೆಗಿರೋ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಮಗು ಮನೆಯಲ್ಲೇ ಬೆಳೆಯಲಿ ಅಂತ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವದ ನೆರವು ಇದೆ ಅಂತ ನಮಗೆ ಹೇಳಿದವರು ನೀವೊಬ್ಬರೇ. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಅಕ್ಕನ ಪಕ್ಕದಲ್ಲೇ ನಿಂತಿರಿ. ಹುಡುಗನನ್ನು ಮನೆಗೆ ಕಳಿಸೋ ಆದೇಶ ಬಂತು.

ಮೊದಲ ವಾರ ಹುಡುಗ ತಟ್ಟೆ ಹಿಡಿದು, ಸಾಲಲ್ಲಿ ನಿಂತ ಹಾಗೆ, ಸುಮ್ನೆ ಬಾಗಿಲ ಹತ್ರ ನಿಲ್ಲುತ್ತಿದ್ದ. ಈಗ ಬಿಡಿ, ರೊಟ್ಟಿ ಬಿಸಿ ಇಲ್ಲ ಅಂತ ಜಗಳ ಆಡುತ್ತಾನೆ. ಆ ಚಪ್ಪಲಿ ಮಾತ್ರ ಕಾಲಿಗೆ ಹಿಡಿಯಲಿಲ್ಲ.

ಥ್ಯಾಂಕ್ಸ್ ಮೇಡಂ. ಒಂದಿನ ಊಟಕ್ಕೆ ಬನ್ನಿ, ಹೆಸರು ಅವತ್ತು ಕೇಳುತ್ತೇವೆ.