ಗದಗಿನ ಅಕ್ಕಾರಿಗೆ, ಸಮಾವೇಶಕ್ಕೆ ಹೆಗಲು ಕೊಟ್ಟ ಎಲ್ಲರಿಗೂ

ಧಾರವಾಡದ ಎರಡು ದಿನಗಳ ಬ್ಲಾಗ್ ಬರಹಗಾರರ ಸಮಾವೇಶ ಮುಗಿಯಿತು. ಬಂದವರೆಲ್ಲರ ಬರಹಗಳ ಸಂಕಲನ ಹೇಳಿದ ದಿನ, ಹೇಳಿದ ಹೊತ್ತಿಗೇ ಜಾಲಕ್ಕೆ ಏರಿತು. ಯಾರು ಯಾವ ಗೋಷ್ಠಿಯಲ್ಲಿ ಏನು ಮಾತಾಡಿದರು ಎಂಬುದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಬರೆಯುವುದಿಲ್ಲ. ಯಾರ ಋಣ ನಮ್ಮ ಮೇಲಿದೆ, ಏನು ಕಲಿತೆವು, ಅಷ್ಟನ್ನು ಬರೆದಿಡಬೇಕು.

ಸಭಾಂಗಣ ಬಿಟ್ಟುಕೊಟ್ಟ ಕಾಲೇಜಿನವರಿಗೆ, ಎರಡೂ ಮಧ್ಯಾಹ್ನ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದ ತಾಯಂದಿರಿಗೆ, ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಳಿದವರನ್ನು ಚಿಗರಿ ಬಸ್ಸು ಹತ್ತಿಸಿ ಜ್ಯುಬಿಲಿ ಸರ್ಕಲ್ಲಿನಲ್ಲಿ ಇಳಿಸಿಕೊಂಡ ಹುಡುಗರಿಗೆ, ತಮ್ಮ ಮನೆಯ ಎಕ್ಸ್‌ಟೆನ್ಷನ್ ಬೋರ್ಡುಗಳನ್ನೆಲ್ಲ ಹೊತ್ತು ತಂದವರಿಗೆ ಕೈಮುಗಿದು ನಮಸ್ಕಾರ.

ಇನ್ನು ಗದಗಿನ ಅಕ್ಕಾರು. ಹೆಸರು ಹಾಕಬ್ಯಾಡ್ರಿ ಅಂದಿದ್ದಾರೆ, ಹಾಕುವುದಿಲ್ಲ. ಮುದ್ರಣ ಕಾಶಿ ಎನಿಸಿಕೊಂಡ ಆ ಊರಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸ ಮಾಡುವವರು. ಅವರು ಸಮಾವೇಶಕ್ಕೆ ಬಂದದ್ದು ಕೇಳುಗರಾಗಿ, ವೇದಿಕೆಯ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಮೊದಲ ದಿನದ ಸಂಜೆ ಎಲ್ಲರ ಬರಹಗಳನ್ನೂ ಒಂದೆಡೆ ಸೇರಿಸಿದಾಗ ಅರ್ಧಕ್ಕೂ ಹೆಚ್ಚು ಕಡತಗಳು ಹಳೆಯ ನುಡಿ ಫಾಂಟಿನವು. ಜಾಲಕ್ಕೆ ಏರಿಸಲು ಅವನ್ನೆಲ್ಲ ಯೂನಿಕೋಡಿಗೆ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಎಲ್ಲ ಕಡೆ ಒಂದೇ ಸಂಕೇತ ಕೊಡುವ ಪದ್ಧತಿಗೆ, ತರಬೇಕಿತ್ತು. ಮರುದಿನ ಮಧ್ಯಾಹ್ನಕ್ಕೆ ಪ್ರಕಟಣೆ. ರಾತ್ರಿ ಊಟವಾದ ಮೇಲೆ ಅವರು ಕಂಪ್ಯೂಟರಿನ ಮುಂದೆ ಕೂತವರು ಎದ್ದದ್ದು ಬೆಳಕು ಹರಿದ ಮೇಲೆ.

ಆ ಕೆಲಸ ಯಾಕೆ ಅಷ್ಟು ಕಷ್ಟದ್ದು ಎಂದು ಹೇಳದಿದ್ದರೆ ಅವರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುವುದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟುಗಳಲ್ಲಿ ನಮ್ಮ ಕಣ್ಣಿಗೆ ಕನ್ನಡ ಕಾಣುತ್ತಿತ್ತು, ಆದರೆ ಕಡತದ ಒಳಗೆ ಇರುತ್ತಿದ್ದದ್ದು ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರಗಳ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಕೂಡಿಸಿರುತ್ತಿದ್ದರು. ಆ ಫಾಂಟು ಇದ್ದ ಕಂಪ್ಯೂಟರಿನಲ್ಲಿ ಅದು ಕನ್ನಡ, ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಗುರುತುಗಳ ಸಾಲು. ಯೂನಿಕೋಡಿನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಒಂದು ಓಣಿ ಇದೆ. ಅಲ್ಲಿ ಬರೆದ 'ಕ' ಯಾವ ಮೊಬೈಲಿಗೆ ಹೋದರೂ 'ಕ' ಆಗಿಯೇ ಉಳಿಯುತ್ತದೆ. ಹಳೆಯದನ್ನು ಇಲ್ಲಿಗೆ ತರುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಗುಂಡಿ ಒತ್ತಿದರೆ ನಿಮಿಷದಲ್ಲಿ ಕೆಲಸ ಮುಗಿದಂತೆಯೂ ಕಾಣುತ್ತದೆ. ತಪ್ಪುಗಳು ಕಣ್ಣಿಗೆ ಬೀಳುವುದು ಆಮೇಲೆ.

ಅರ್ಕಾವತ್ತಿನಿಂದ ಶುರು ಮಾಡೋಣ. ಹಳೆಯ ಫಾಂಟಿನಲ್ಲಿ 'ಸರ್ವ' ಎಂದು ಬರೆಯುವಾಗ ಸ, ವ ಎರಡೂ ಆದ ಮೇಲೆ ಅರ್ಕಾವತ್ತಿನ ಗುರುತು ಬರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮ: ಸ, ರ, ಹಲಂತ (ಸ್ವರ ತೆಗೆಯುವ ಗುರುತು), ವ. ಹಾಗಾಗಿ ಪರಿವರ್ತಕ ಆ ಗುರುತನ್ನು ಹಿಂದಕ್ಕೆ ಎತ್ತಿ ಇಡಬೇಕು. ನಡುವೆ ಒಂದು ಸಾಲು ಮುರಿದಿದ್ದರೆ, ಕೆಲವು ಪರಿವರ್ತಕಗಳಲ್ಲಿ ಪದದ ಅರ್ಧಕ್ಕೆ ಮಾತ್ರ ದಪ್ಪಕ್ಷರ ಕೊಟ್ಟಿದ್ದರೂ, ಗುರುತು ಎಲ್ಲೋ ಹೋಗಿ ಕೂರುತ್ತದೆ. ಇಂಗ್ಲಿಷ್ ಪದಗಳದ್ದು ಇನ್ನೊಂದು ಗೋಳು. ಕನ್ನಡದ ನಡುವೆ ಬೇರೆ ಫಾಂಟಿನಲ್ಲಿ ಬರೆದ ಇಂಗ್ಲಿಷ್ ಪದವನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ, ಯಾಕೆಂದರೆ ಫಾಂಟು ಬದಲಾದದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಅಕ್ಕಾರ ಕ್ರಮ ಹೀಗಿತ್ತು. ಮೂಲ ಕಡತವನ್ನು ಮುಟ್ಟುವಂತಿಲ್ಲ. ನಕಲು ಮಾಡಿಕೊಂಡು ನಕಲಿನಲ್ಲೇ ಕೆಲಸ. ವರ್ಡ್‌ನ ಹುಡುಕುವ ಕಿಟಕಿಯಲ್ಲಿ ಫಾಂಟಿನ ಹೆಸರು ಕೊಟ್ಟು ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಹುಡುಕಿ, ಬೇರೆ ಹಾಳೆಗೆ ಸಾಲಾಗಿ ಎತ್ತಿಟ್ಟು, ಅವುಗಳ ಜಾಗದಲ್ಲಿ, ಆಮೇಲೆ ಮರಳಿ ಕೂರಿಸಲು, ಮೂರು ನಕ್ಷತ್ರ ಚಿಹ್ನೆ. ಆಮೇಲೆ ಕೈಯಿಂದ ಮುರಿದ ಸಾಲುಗಳನ್ನು ಜೋಡಿಸುವುದು, ದಪ್ಪಕ್ಷರ ತೆಗೆಯುವುದು. ಒಮ್ಮೆಗೆ ಒಂದೆರಡು ಪುಟವಷ್ಟೇ ಪರಿವರ್ತಕಕ್ಕೆ. ಹೊರಬಂದ ಪಠ್ಯದಲ್ಲಿ ಮೊದಲು ನೋಡುವ ಪದಗಳ ಒಂದು ಪಟ್ಟಿ ಅವರ ಬಾಯಲ್ಲೇ ಇತ್ತು: ವರ್ಷ, ಕಾರ್ಯ, ಕ್ರೌರ್ಯ, ಶಾಸ್ತ್ರ, ಸ್ತ್ರೀ, ಲಕ್ಷ್ಮಿ, ಋತು, ಝರಿ, ಜ್ಞಾನ, ವಾಙ್ಮಯ. ಇವು ಸರಿ ಬಂದಿದ್ದರೆ ಉಳಿದದ್ದು ಬಹುಪಾಲು ಸರಿ. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಆ ಕಡತವನ್ನು ಪೂರ್ತಿ ಓದಬೇಕು.

ಅವರು ಹಿಡಿದು ತೋರಿಸಿದ ಒಂದು ದೋಷವನ್ನು ಎಲ್ಲರೂ ತಮ್ಮ ತಮ್ಮ ಬ್ಲಾಗುಗಳಲ್ಲಿ ಹುಡುಕಿ ನೋಡಬೇಕು. ಕನ್ನಡದ ಸೊನ್ನೆ ಅಂಕಿ '೦' ಮತ್ತು ಅನುಸ್ವಾರ 'ಂ' ಕಣ್ಣಿಗೆ ಒಂದೇ. ಬಹಳ ಜನ 'ಕಂಬಳಿ' ಬರೆಯುವಾಗ ಸೊನ್ನೆ ಅಂಕಿಯನ್ನೇ ಒತ್ತಿರುತ್ತಾರೆ. ಓದುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ 'ಕಂಬಳಿ' ಎಂದು ಹುಡುಕಿದವರಿಗೆ ಆ ಬರಹ ಸಿಗದೆ ಹೋಗಬಹುದು, ಕಣ್ಣು ಕಾಣದವರಿಗಾಗಿ ಪರದೆ ಓದುವ ತಂತ್ರಾಂಶ ಅದನ್ನು 'ಕ ಸೊನ್ನೆ ಬಳಿ' ಎಂದು ಓದಿದರೂ ಆಶ್ಚರ್ಯವಿಲ್ಲ. ಹುಡುಕುವ ಕಿಟಕಿಯಲ್ಲಿ ಸೊನ್ನೆ ಅಂಕಿಯನ್ನು ಕೊಟ್ಟು ನೋಡಿ. ಅಂಕಿಗಳ ನಡುವೆ ಇದ್ದರೆ ಬಿಡಿ, ಅಕ್ಷರದ ಪಕ್ಕ ಇದ್ದರೆ ಅನುಸ್ವಾರಕ್ಕೆ ಬದಲಿಸಿ. ಎಲ್ಲವನ್ನೂ ಒಮ್ಮೆಲೇ ಬದಲಿಸುವ ಗುಂಡಿ ಮಾತ್ರ ಒತ್ತಬೇಡಿ, ಕನ್ನಡ ಅಂಕಿಯಲ್ಲಿ ಬರೆದ ಇಸವಿಗಳೆಲ್ಲ ಹಾಳಾಗುತ್ತವೆ.

ಹಾಗೆಯೇ ಕಣ್ಣಿಗೆ ಕಾಣದ ಎರಡು ಗುರುತುಗಳು. 'ಸಾಫ್ಟ್‌ವೇರ್' ಎಂಬಲ್ಲಿ ವ ಒತ್ತಕ್ಷರವಾಗಿ ಕೆಳಗೆ ಇಳಿಯದಂತೆ ತಡೆಯುವುದು ಒಂದು. 'ರ‍್ಯಾಂಕ್' ಎಂಬಲ್ಲಿ ರ ಅರ್ಕಾವತ್ತಾಗದೆ ಪೂರ್ತಿಯಾಗಿ ನಿಲ್ಲುವಂತೆ ಮಾಡುವುದು ಇನ್ನೊಂದು. ಬೇಕಾದ ಕಡೆ ಇವು ಇರಲೇಬೇಕು. ಆದರೆ ಪರಿವರ್ತನೆಯಾದ ಪಠ್ಯದಲ್ಲಿ ಪದಗಳ ಕೊನೆಯಲ್ಲಿ, ಖಾಲಿ ಜಾಗದ ಪಕ್ಕದಲ್ಲಿ ಇವು ಸುಮ್ಮನೆ ಉಳಿದಿರುತ್ತವೆ. ಒಂದೇ ಪದ ಒಂದು ಕಡೆ ಗುರುತಿನೊಂದಿಗೆ, ಇನ್ನೊಂದು ಕಡೆ ಗುರುತಿಲ್ಲದೆ ಇದ್ದರೆ ಹುಡುಕಾಟದಲ್ಲಿ ಅವು ಎರಡು ಬೇರೆ ಪದಗಳಾಗಿಬಿಡಬಹುದು.

ಕೊನೆಗೆ ಕರಡು ತಿದ್ದುವುದು. ಪ್ರೆಸ್ಸಿನ ಹಳೆಯ ಪದ್ಧತಿಯಲ್ಲೇ ಮಾಡಿಸಿದರು. ಒಬ್ಬರು ಮೂಲದ ಪ್ರಿಂಟ್ ಹಿಡಿದು ಗಟ್ಟಿಯಾಗಿ ಓದಬೇಕು, ವಿರಾಮ ಚಿಹ್ನೆಗಳನ್ನೂ ಬಿಡದೆ. ಇನ್ನೊಬ್ಬರು ಪರದೆಯ ಮೇಲೆ ಬೆರಳಿಟ್ಟು ಸಾಲು ಸಾಲು ನೋಡಬೇಕು. ಬರೆದವರೇ ತಮ್ಮ ಬರಹ ನೋಡುವಂತಿಲ್ಲ, ಯಾಕೆಂದರೆ ಪರದೆಯಲ್ಲಿ ಇಲ್ಲದ ಅಕ್ಷರವನ್ನೂ ಅವರ ಮನಸ್ಸು ತುಂಬಿಕೊಂಡು ಓದುತ್ತದೆ. ಬರಹಗಳಲ್ಲಿದ್ದ 'ಹೋಗೂದು', 'ಅದಾವ', 'ಬರ್ತೇನ್ರಿ'ಗಳನ್ನು ಪದಪರೀಕ್ಷಕ ಕೆಂಪು ಗೆರೆ ಎಳೆದು ತೋರಿಸುತ್ತಿದ್ದಾಗ ಯಾರೋ 'ಹೋಗುವುದು' ಮಾಡಲೇ ಎಂದು ಕೇಳಿದರು. "ಬರದಾರ ಹೆಂಗ್ ಬರದಾರೋ ಹಂಗ ಇರ್ಲಿ. ನಮ್ ಕೆಲಸ ಅಕ್ಷರ ಉಳ್ಸೂದು, ಮಾತು ತಿದ್ದೂದಲ್ಲ" ಎಂದರು ಅಕ್ಕಾರು. ನಮ್ಮ ಸಂಕಲನದಲ್ಲಿ ಧಾರವಾಡದ ಮಾತು ಧಾರವಾಡದ ಮಾತಾಗಿಯೇ ಉಳಿದದ್ದು ಆ ಒಂದು ಮಾತಿನಿಂದ.

ಆ ರಾತ್ರಿಯ ಕಡತಗಳಲ್ಲಿ ಒಂದರ ಬಗ್ಗೆ ಹೇಳಲೇಬೇಕು. ಹಾವೇರಿಯಿಂದ ಬಂದ ಹೆಣ್ಣುಮಗಳೊಬ್ಬರು ತೀರಿಕೊಂಡ ತಂದೆಯ ಬರಹಗಳನ್ನು ಪೆನ್‌ಡ್ರೈವಿನಲ್ಲಿ ತಂದಿದ್ದರು. ಅವರ ಮನೆಯ ಕಂಪ್ಯೂಟರು ಬದಲಾದಾಗ ಹಳೆಯ ಫಾಂಟು ಹೋಗಿತ್ತು. ಅಂದಿನಿಂದ ಅಪ್ಪನ ಕಡತ ತೆರೆದಾಗಲೆಲ್ಲ ಅವರಿಗೆ ಕಂಡದ್ದು ಬರೀ ಕೊಂಬು, ಬಾಲಗಳ ಗುರುತುಗಳು. ಎಲ್ಲ ಅಳಿಸಿಹೋಗಿದೆ ಎಂದೇ ನಂಬಿದ್ದರು. ಅಕ್ಕಾರು ಮೊದಲ ಪುಟವನ್ನು ಪರಿವರ್ತಿಸಿ ಪರದೆಯನ್ನು ಅವರ ಕಡೆ ತಿರುಗಿಸಿದರು. ಎಲೆಬಳ್ಳಿಯ ತೋಟದ ಮೇಲೆ ಬರೆದ ಒಂದು ಬರಹ. ಮಗಳು ಎರಡು ಸಾಲು ಓದಿ ಮುಂದೆ ಓದಲಾರದೆ ಹೊರಗೆ ಹೋದರು. ಒಬ್ಬ ಮನುಷ್ಯನ ಇಡೀ ಬರಹ ಇದ್ದೂ ಇಲ್ಲದಂತಾಗುವುದಕ್ಕೆ ಒಂದು ಫಾಂಟು ಸಾಕು ಎಂಬುದು ಎದೆಗೆ ತಟ್ಟಿದ್ದು ಆಗ. ನಮ್ಮ ಭಾಗದಲ್ಲಿ ಇಂಥ ಎಷ್ಟು ಮೇಷ್ಟ್ರುಗಳ, ಎಷ್ಟು ಅಜ್ಜಂದಿರ ಬರಹ ಹೀಗೆ ಬಾಯಿ ಕಟ್ಟಿ ಕೂತಿರಬಹುದು. ಆ ಯೋಚನೆ ಇನ್ನೂ ಬಿಟ್ಟಿಲ್ಲ.

ಸರಿ. ಗೋಷ್ಠಿಗಳಲ್ಲಿ ಕಲಿತ ಉಳಿದ ವಿಷಯಗಳು, ಬರಲಾಗದವರಿಗಾಗಿ.

ಬರಹದ ಕೊಂಡಿಯನ್ನು (ಜಾಲವಿಳಾಸವನ್ನು) ಪ್ರಕಟಿಸುವ ಮೊದಲೇ ಸರಿಮಾಡಿಕೊಳ್ಳಿ. ಗೂಗಲ್ಲಿನ ಬ್ಲಾಗರ್ ತಾಣದಲ್ಲಿ ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಅದು ಕೊಂಡಿಗೆ 'ಬ್ಲಾಗ್-ಪೋಸ್ಟ್' ಎಂದು ಹಾಕಿ ಪಕ್ಕಕ್ಕೆ ಒಂದು ಅಂಕಿ ಸೇರಿಸುತ್ತದೆ, ಯಾವ ಬರಹದ್ದು ಎಂದು ಯಾರಿಗೂ ತಿಳಿಯುವುದಿಲ್ಲ. ಬಲಬದಿಯ ಪರ್ಮಾಲಿಂಕ್ ಆಯ್ಕೆಯಲ್ಲಿ ರೋಮನ್ ಲಿಪಿಯಲ್ಲಿ ಮೂರ್ನಾಲ್ಕು ಪದ ನೀವೇ ಕೊಡಿ. ವರ್ಡ್‌ಪ್ರೆಸ್ ಕನ್ನಡವನ್ನೇ ಇಟ್ಟುಕೊಳ್ಳುತ್ತದೆ, ಆದರೆ ಯೂನಿಕೋಡಿನ ಒಂದೊಂದು ಕನ್ನಡ ಗುರುತೂ ಕೊಂಡಿಯಲ್ಲಿ ಶೇಕಡಾ ಚಿಹ್ನೆಗಳೊಂದಿಗೆ 9 ಅಕ್ಷರಗಳಷ್ಟು ಉದ್ದವಾಗುತ್ತದೆ. 'ಧಾರವಾಡ' ಒಂದೇ 54 ಅಕ್ಷರ. ಅಲ್ಲಿ ಮಿತಿ 200, ಅಂದರೆ 22 ಗುರುತು ದಾಟಿದರೆ ಬಾಲ ಕತ್ತರಿಸಿಹೋಗುತ್ತದೆ. ವಾಟ್ಸಾಪಿನಲ್ಲಿ ಅಂಟಿಸಿದಾಗ ಆ ಶೇಕಡಾ ಚಿಹ್ನೆಗಳ ಸಾಲು ಕಂಡು ಓದುಗರು ಒತ್ತಲು ಹೆದರುವುದೂ ಇದೆ.

ಓದುವವರ ಕೈಯಲ್ಲಿ ಇರುವುದು ಬಹುತೇಕ ಮೊಬೈಲು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಎರಡೂ ಇರುವುದರಿಂದ ಸಾಲುಗಳ ನಡುವಿನ ಅಂತರ ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಇರಲಿ, ಅಕ್ಷರ 18 ಪಿಕ್ಸೆಲ್. ಎರಡೂ ಬದಿ ಸಮ ಮಾಡಬೇಡಿ: ನಮ್ಮ ಪದಗಳು ಉದ್ದ, ಸಣ್ಣ ಪರದೆಯಲ್ಲಿ ನಡುನಡುವೆ ಹಳ್ಳ ಬೀಳುತ್ತದೆ. ಎಡಕ್ಕೆ ಹೊಂದಿಸಿ ಬಿಟ್ಟರೆ ಸಾಕು. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಇವೆಲ್ಲ ಮುಕ್ತ ಪರವಾನಗಿಯ ಫಾಂಟುಗಳು, ದುಡ್ಡು ಕೊಡಬೇಕಾಗಿಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋ 3–5 ಎಂಬಿ ಇರುತ್ತದೆ; ಅಗಲ 1200 ಪಿಕ್ಸೆಲ್‌ಗೆ ಇಳಿಸಿ 200 ಕೆಬಿ ಒಳಗೆ ತನ್ನಿ, ಹಳ್ಳಿಯ ನೆಟ್‌ವರ್ಕಿನಲ್ಲೂ ತೆರೆಯುತ್ತದೆ.

ಹಕ್ಕಿನ ವಿಷಯದಲ್ಲಿ ಗೋಷ್ಠಿ ಬಹಳ ಹೊತ್ತು ನಡೆಯಿತು, ನಡೆಯಬೇಕಾದದ್ದೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ವಾರಸುದಾರರದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಹಾಗಾಗಿ ಅವರ ಇಡೀ ಕವಿತೆಯನ್ನು ಅನುಮತಿಯಿಲ್ಲದೆ ಬ್ಲಾಗಿಗೆ ಹಾಕಲು 2041 ಮುಗಿಯುವವರೆಗೆ ಬರುವುದಿಲ್ಲ, ಅವರಿದ್ದ ಸಾಧನಕೇರಿಯ ಪಕ್ಕದ ಓಣಿಯಲ್ಲೇ ನಮ್ಮ ಮನೆ ಇದ್ದರೂ. ವಿಮರ್ಶೆಗಾಗಿ ನಾಲ್ಕು ಸಾಲು ಎತ್ತಿ ಹೇಳುವುದು ಬೇರೆ. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದಗಳು ಎಲ್ಲರವು. ಆದರೆ ಈಚಿನ ಸಂಪಾದಕರು ಬರೆದ ಟಿಪ್ಪಣಿ, ಮುನ್ನುಡಿಗಳಿಗೆ ಅವರದೇ ಹಕ್ಕಿದೆ. ವೀರನಾರಾಯಣ ಗುಡಿಯ ಫೋಟೋ ವಿಕಿಮೀಡಿಯಾ ಕಾಮನ್ಸಿನಿಂದ ತೆಗೆದುಕೊಂಡರೆ ತೆಗೆದವರ ಹೆಸರು, ಪರವಾನಗಿ, ಮೂಲದ ಕೊಂಡಿ ಮೂರನ್ನೂ ಚಿತ್ರದ ಕೆಳಗೆ ಬರೆಯಿರಿ.

ಬ್ಯಾಕಪ್ಪು. ಬ್ಲಾಗರ್‌ನ ಸೆಟ್ಟಿಂಗ್ಸಿನಿಂದ ಇಳಿಸಿಕೊಳ್ಳುವ ಕಡತದಲ್ಲಿ ಬರಹಗಳು, ಪ್ರತಿಕ್ರಿಯೆಗಳು ಇರುತ್ತವೆ. ಬರಹಗಳ ಒಳಗೆ ಚಿತ್ರಗಳ ಕೊಂಡಿ ಮಾತ್ರ ಇರುತ್ತದೆ. ಖಾತೆ ಹೋದರೆ ಚಿತ್ರಗಳೂ ಹೋದಂತೆ. ಚಿತ್ರಗಳ ಮೂಲವನ್ನು ಬೇರೆ ಫೋಲ್ಡರಿನಲ್ಲಿ, ಬರಹದ ಹೆಸರಿನಲ್ಲೇ ಇಟ್ಟುಕೊಳ್ಳಿ. ಖಾತೆಯ ಪಾಸ್‌ವರ್ಡು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ಹಾವೇರಿಯ ಆ ಪೆನ್‌ಡ್ರೈವು ಕಂಡವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಇಂಥ ಸಮಾವೇಶ ಮಾಡಹೊರಟವರಿಗೆ ಒಂದೆರಡು ಮಾತು: ಬರಹಗಳನ್ನು ಒಂದು ವಾರ ಮೊದಲೇ ತರಿಸಿಕೊಳ್ಳಿ, ಮನೆಬಳಕೆಯ ಒಂದೇ ರೂಟರನ್ನು ನಂಬಿ ಇಡೀ ಸಭಾಂಗಣಕ್ಕೆ ವೈಫೈ ಕೊಡಲು ಹೋಗಬೇಡಿ, ಅಭ್ಯಾಸದ ಕಡತಗಳೆಲ್ಲ ಪೆನ್‌ಡ್ರೈವಿನಲ್ಲೂ ಇರಲಿ.

ಬೆಳಗಿನ ಜಾವ ಕರೆಂಟು ಹೋದಾಗ ಲ್ಯಾಪ್‌ಟಾಪಿನ ಬೆಳಕಿನಲ್ಲೇ ಗಟ್ಟಿಯಾಗಿ ಓದುತ್ತ ಕೂತ ಇಬ್ಬರು ವಿದ್ಯಾರ್ಥಿನಿಯರಿಗೆ, ಅವರಿಗೆ ಚಹಾ ಮಾಡಿ ಕೊಟ್ಟ ಕಾವಲುಗಾರ ಕಾಕಾನಿಗೆ ನಮ್ಮ ವಂದನೆ. ಅಕ್ಕಾರೇ, ನಿಮಗೆ ಏನು ಕೊಟ್ಟರೂ ಕಡಿಮೆ. ಸಂಭಾವನೆಯ ಲಕೋಟೆಯನ್ನು ನೀವು ವಾಪಸು ಕೊಟ್ಟಿರಿ. ಸಂಕಲನದ ಮೊದಲ ಪುಟದಲ್ಲಿ 'ಅಕ್ಷರ ಉಳಿಸಿದವರು' ಎಂದು ಹಾಕಿದ್ದನ್ನಾದರೂ ತೆಗೆಸಬೇಡಿ.

ಹಾವೇರಿಯ ಆ ತಂದೆಯ ಉಳಿದ ಕಡತಗಳನ್ನು ಲಗ್ನಪತ್ರಿಕೆಗಳ ಗದ್ದಲ ಮುಗಿದ ಮೇಲೆ ಮಾಡಿಕೊಡುವುದಾಗಿ ಅಕ್ಕಾರು ಒಪ್ಪಿದ್ದಾರೆ, ಆ ಇಬ್ಬರು ವಿದ್ಯಾರ್ಥಿನಿಯರು ಕರಡು ಓದಲು ಗದಗಿಗೆ ಹೋಗುತ್ತಾರೆ. ನಿಮ್ಮ ಮನೆಯಲ್ಲೂ ಅಂಥ ಕಡತಗಳಿದ್ದರೆ ಅಳಿಸಬೇಡಿ. ಯಾವ ಫಾಂಟಿನಲ್ಲಿ ಬರೆದದ್ದು ಎಂಬುದನ್ನು ವರ್ಡ್ ತೆರೆದು ನೋಡಿ ಚೀಟಿಯಲ್ಲಿ ಬರೆದಿಡಿ, ಹಳೆಯ ಪ್ರಿಂಟ್ ಒಂದಾದರೂ ಸಿಕ್ಕರೆ ಅದರ ಜೊತೆಗೇ ಇಡಿ.