ಪಿಲ್ಲರ್ ಏಳುವ ಮೊದಲೇ ಏರುವ ಖರ್ಚು

ಪ್ರೀತಿಯ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಮೆಟ್ರೋ ಕಾಮಗಾರಿಯ ವೆಚ್ಚ ನಿಯಂತ್ರಣ ವಿಭಾಗಕ್ಕೆ ಸೇರಿದ್ದೀಯೆಂದು ನಿಮ್ಮಪ್ಪ ಹೇಳಿದ. ತುಂಬಾ ಸಂತೋಷವಾಯಿತು. ಅದು ಜನರ ದುಡ್ಡು ಕಾಯುವ ಕೆಲಸ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬೆಂಗಳೂರಿನ ನಮ್ಮ ಮೆಟ್ರೋ ಮೊದಲ ಹಂತದ ಲೆಕ್ಕ ತೆಗೆದು ನೋಡು. 2006ರಲ್ಲಿ 33 ಕಿ.ಮೀ.ಗೆ 6,395 ಕೋಟಿ ರೂಪಾಯಿ ಅಂದಾಜು. 2017ರಲ್ಲಿ ಮುಗಿದಾಗ 42.3 ಕಿ.ಮೀ., 13,845 ಕೋಟಿ. ಎರಡು ಪಟ್ಟಿಗಿಂತ ಹೆಚ್ಚಾಯಿತು ಎನ್ನುತ್ತಾರೆ, ಆದರೆ ದಾರಿಯೂ ಉದ್ದವಾಗಿದೆಯಲ್ಲ. ಕಿ.ಮೀ. ಲೆಕ್ಕದಲ್ಲಿ 194 ಕೋಟಿ ಇದ್ದದ್ದು 327 ಕೋಟಿ ಆಗಿದೆ. ಆದ್ದರಿಂದ ಯಾವ ಏರಿಕೆಯನ್ನೂ ಒಂದೇ ಮೊತ್ತವಾಗಿ ಬರೆಯಬೇಡ. ಕೆಲಸ ಹೆಚ್ಚಿದ್ದಕ್ಕೆ ಎಷ್ಟು, ದರ ಏರಿದ್ದಕ್ಕೆ ಎಷ್ಟು, ತಡವಾದದ್ದಕ್ಕೆ ಎಷ್ಟು ಎಂದು ಬಿಡಿಸಿ ಬರೆ. ಮೊದಲನೆಯದು ಸರ್ಕಾರದ ತೀರ್ಮಾನ. ಎರಡನೆಯದಕ್ಕೆ ಉಕ್ಕು, ಸಿಮೆಂಟ್, ಡೀಸೆಲ್, ಕೂಲಿಯ ಸೂಚ್ಯಂಕ ಹಿಡಿದ ಸೂತ್ರ ಒಪ್ಪಂದದಲ್ಲೇ ಇರುತ್ತದೆ. ನಿಮ್ಮ ಕೈಯಲ್ಲಿರುವುದು ಮೂರನೆಯದು. ವರ್ಷಕ್ಕೆ ಶೇ. 5ರಂತೆ ಏರಿದರೂ 100 ಕೋಟಿಯ ಕೆಲಸ ಮೂರು ವರ್ಷ ತಡವಾದರೆ ಸುಮಾರು 116 ಕೋಟಿ. ಸಾಲದ ಬಡ್ಡಿ, ಕಚೇರಿ ಖರ್ಚು ಬೇರೆ.

ತಡ ಎಲ್ಲಿಂದ ಬರುತ್ತದೆ? ಒಂದು ದೊಡ್ಡ ಪಾಲು ನೆಲದಡಿಯಿಂದ. ನಕ್ಷೆಯಲ್ಲಿ ಜಲಮಂಡಳಿಯ ಪೈಪು ರಸ್ತೆಯ ಎಡಕ್ಕಿರುತ್ತದೆ, ಅಗೆದರೆ ನಡುಮಧ್ಯೆ ಸಿಗುತ್ತದೆ. ಅಡಿಪಾಯದ ಕಂಬಕ್ಕೆ ನೆಲ ಕೊರೆಯುವ ಪೈಲ್ ರಿಗ್ ಬಂದು ನಿಂತ ಮೇಲೆ ಹೀಗಾಗಿ, ಪಿಲ್ಲರನ್ನು 3 ಮೀಟರ್ ಸರಿಸಬೇಕಾಯಿತು ಎಂದಿಟ್ಟುಕೋ. ಒಂದು ಪಕ್ಕದ 28 ಮೀಟರ್ ಸ್ಪ್ಯಾನ್, ಅಂದರೆ ಎರಡು ಪಿಲ್ಲರ್ ನಡುವಿನ ಅಂತರ, 31 ಆಗುತ್ತದೆ, ಇನ್ನೊಂದು 25. ವಿನ್ಯಾಸ ಮತ್ತೆ ಮಾಡಿಸಬೇಕು. ಯಾರ್ಡ್‌ನಲ್ಲಿ ಆ ಸ್ಪ್ಯಾನ್‌ಗೆಂದು ಎರಕ ಹೊಯ್ದಿಟ್ಟ ಸೆಗ್ಮೆಂಟ್‌ಗಳ, ಅಂದರೆ ಸೇತುವೆಯ ಕಾಂಕ್ರೀಟ್ ತುಂಡುಗಳ, ಎಣಿಕೆ ತಪ್ಪುತ್ತದೆ. ಅಷ್ಟೂ ದಿನ ರಿಗ್ ಸುಮ್ಮನೆ ನಿಂತದ್ದಕ್ಕೆ ಗುತ್ತಿಗೆದಾರ ಬಾಡಿಗೆ ಕೇಳುತ್ತಾನೆ, ಕೇಳುವುದು ನ್ಯಾಯವೇ. ಇದನ್ನು ತಪ್ಪಿಸಲು, ರಿಗ್ ಬರುವ ಮೊದಲೇ, ಪಿಲ್ಲರ್ ಕೂರುವ ಕಾಂಕ್ರೀಟ್ ಪೀಠವಾದ ಪೈಲ್ ಕ್ಯಾಪಿನ ಪೂರ್ತಿ ಅಗಲಕ್ಕೆ, ಯಂತ್ರ ಬಿಡದೆ, ಗುದ್ದಲಿ ಹಾರೆಯಿಂದ ಸುಮಾರು 2 ಮೀಟರ್ ಆಳದ ಪರೀಕ್ಷಾ ಗುಂಡಿ ತೋಡಿಸಬೇಕು. ನೆಲದಡಿ ಏನಿದೆಯೆಂದು ಅಗೆಯದೆ ನೋಡುವ ರಾಡಾರ್ ಒಂದನ್ನೇ ನಂಬಬೇಡ, ಒದ್ದೆ ಜೇಡಿಮಣ್ಣಿನಲ್ಲಿ ಅದಕ್ಕೆ ಆಳ ಕಾಣುವುದಿಲ್ಲ. ಆ ಗುಂಡಿಯ ಖರ್ಚು ಉಳಿಸಲು ಹೊರಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಜಾಗದ ವಿಷಯವೂ ಹಾಗೆಯೇ. ಜಾಗ ಕೈಗೆ ಬರದೆ ಟೆಂಡರ್ ಕೊಟ್ಟರೆ, ಕೆಲಸ ಶುರುವಾಯಿತೆಂಬ ಫೋಟೊ ಪತ್ರಿಕೆಗೆ ಸಿಗುತ್ತದೆ, ಗುತ್ತಿಗೆದಾರನಿಗೆ ಕ್ಲೇಮ್, ಅಂದರೆ ನಷ್ಟ ಕಟ್ಟಿಕೊಡಿ ಎಂದು ಕೇಳುವ ಹಕ್ಕು, ಸಿಗುತ್ತದೆ. ಸುರಂಗದ ದಾರಿಯಲ್ಲಿ ಮಣ್ಣು ಬಂಡೆ ಪರೀಕ್ಷಿಸಲು ಕೊರೆಯುವ ಬೋರ್‌ಹೋಲ್ ಕಡಿಮೆ ಮಾಡಿ ದುಡ್ಡು ಉಳಿಸಬೇಡಿ. ಬೆಂಗಳೂರಿನ ನೆಲದಲ್ಲಿ ಗಟ್ಟಿ ಬಂಡೆ, ಕೊಳೆತ ಬಂಡೆ, ಮಣ್ಣು ಯಂತ್ರ ಕೊರೆಯುವ ಒಂದೇ ಮುಖದಲ್ಲಿ ಸಿಗುತ್ತವೆ. ಮೊದಲ ಹಂತದಲ್ಲಿ ಗೋದಾವರಿ ಎಂಬ ಸುರಂಗ ಕೊರೆಯುವ ಯಂತ್ರ, ಮುಂದಿನ ಕೊರೆಯುವ ಚಕ್ರವಾದ ಕಟರ್ ಹೆಡ್ ಕೆಟ್ಟು ತಿಂಗಳುಗಟ್ಟಲೆ ನಿಂತದ್ದನ್ನು ಮರೆಯಬಾರದು.

ಇನ್ನು ನಿನ್ನ ಮೇಜಿನ ಕೆಲಸ. ಖರ್ಚಾದ ಹಣವನ್ನಷ್ಟೇ ನೋಡಿದರೆ ಏನೂ ತಿಳಿಯುವುದಿಲ್ಲ. ಬಾಕಿ ಬಿಲ್ಲು, ವೇರಿಯೇಷನ್ (ಒಪ್ಪಂದದ ಕೆಲಸದಲ್ಲಿ ಆದ ಬದಲಾವಣೆ), ಕ್ಲೇಮು ಸೇರಿ ಖರ್ಚು 40 ಕೋಟಿ ಆಗಿದೆ, ಒಪ್ಪಂದದ ಮೂಲ ದರದಲ್ಲಿ ಅಳೆದರೆ ಆದ ಕೆಲಸ 32 ಕೋಟಿಯದು ಎಂದುಕೋ. ಇದೇ ಹದದಲ್ಲಿ ಸಾಗಿದರೆ 100 ಕೋಟಿಯ ಗುತ್ತಿಗೆ 125ಕ್ಕೆ ನಿಲ್ಲುತ್ತದೆ. ಈ ಅಂಕಿಯನ್ನು ಪ್ರತಿ ತಿಂಗಳೂ ಮೇಲಿನವರ ಮುಂದಿಡು, ಬೈದರೂ ಇಡು. ವರ್ಷದ ಕೊನೆಗೆ ಹೇಳಿದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ 1999ರ ಮಾದರಿಯ ಒಪ್ಪಂದವಾದರೆ, ತೊಂದರೆ ತಿಳಿದ 28 ದಿನದೊಳಗೆ ಗುತ್ತಿಗೆದಾರ ನೋಟಿಸ್ ಕೊಡಬೇಕು. ನೋಟಿಸ್ ಬಂದಾಗ ಉತ್ತರಿಸದೆ ಫೈಲಿನಲ್ಲಿಟ್ಟರೆ ಅದು ಮುಂದೆ ವ್ಯಾಜ್ಯ ತೀರಿಸುವ ಪಂಚಾಯ್ತಿದಾರರ ಎದುರು ಬಡ್ಡಿ ಸಮೇತ ಎದ್ದು ಬರುತ್ತದೆ. ಆಗ ನಿಮಗೆ ಆಧಾರ ಸೈಟ್ ಡೈರಿ ಒಂದೇ. ಯಾವ ರಿಗ್, ಎಷ್ಟು ಗಂಟೆಗೆ ನಿಂತಿತು, ಯಾಕೆ ನಿಂತಿತು, ಎಷ್ಟು ಜನ ಇದ್ದರು, ಎರಡೂ ಕಡೆಯವರ ಸಹಿ, ಎಲ್ಲವೂ ಅವತ್ತಿನದವತ್ತೇ ಬಿದ್ದಿರಬೇಕು. ಸೋಮವಾರ ಸೈಟಿಗೆ ಹೋದಾಗ ಮೊದಲು ಆ ಡೈರಿ ತೆರೆಸು. ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಹತ್ತು ದಿನದ ವಿವರ ಒಟ್ಟಿಗೆ ಬರೆದದ್ದು ಕಂಡರೆ, ಅಲ್ಲಿಂದಲೇ ನಿನ್ನ ಕೆಲಸ ಶುರುಮಾಡು.

ಇತಿ,
ನಿನ್ನ ದೊಡ್ಡಪ್ಪ